ಲೋಡ್ ಇದ್ದಾಗ ಪಿಕಪ್ ನಡುಗುತ್ತಾ? ಎಂಜಿನ್‌ಗೆ ಕೈ ಹಾಕುವ ಮುಂಚೆ ಇಷ್ಟು ನೋಡಿ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿ ಎರಡು ತಿರುವು ಆಗಿತ್ತಷ್ಟೇ. ಹಿಂದೆ 50 ಕೆಜಿಯ 30 ಮೂಟೆ ಪಶು ಆಹಾರ, ಅಂದರೆ ಒಂದೂವರೆ ಟನ್. ಮೂರನೇ ಗೇರಿನಲ್ಲಿ 40ರ ಹತ್ತಿರ ಬಂದು ರೇಸ್ ಒತ್ತಿದೆ, ಸೀಟಿನ ಕೆಳಗಿಂದ ಒಂದು ನಡುಕ ಎದ್ದಿತು. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡು ಕಾಣಿಸುತ್ತಿತ್ತು. ಗೇರ್ ಲಿವರ್ ಮೇಲೆ ಕೈ ಇಟ್ಟರೆ ಕೈಯೇ ಜುಮ್ಮೆನ್ನುತ್ತಿತ್ತು. ರೇಸ್ ಬಿಟ್ಟರೆ ಕಮ್ಮಿ, ಒತ್ತಿದರೆ ಮತ್ತೆ ಶುರು.

ಸಕಲೇಶಪುರದಲ್ಲಿ ಮೂಟೆ ಇಳಿಸಿ ಖಾಲಿ ಗಾಡಿ ಹಾಸನಕ್ಕೆ ಓಡಿಸಿದೆ. ಏನೂ ಇಲ್ಲ, ಬೆಣ್ಣೆಯ ಹಾಗೆ ಬಂತು. ಮನೆ ಮುಂದೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೂ ಏನೂ ಇಲ್ಲ. ಅಲ್ಲಿಗೆ ನಾನೂ ಎಲ್ಲರ ಹಾಗೆ ಒಂದೇ ಏಟಿಗೆ ತೀರ್ಮಾನ ಮಾಡಿಬಿಟ್ಟೆ: ಲೋಡ್ ಬಿದ್ದಾಗ ಮಾತ್ರ ನಡುಗುತ್ತದೆ, ಲೋಡ್ ಎಳೆಯೋದು ಎಂಜಿನ್, ಹಾಗಾದರೆ ಎಂಜಿನ್ನಿನದೇ ತಾಪತ್ರಯ. ಗ್ಯಾರೇಜಿನಲ್ಲೂ ಅದನ್ನೇ ಹೇಳಿದರು. ಎಂಜಿನ್ ಕೂರುವ ಮೂರು ರಬ್ಬರ್ ಮೌಂಟಿಂಗ್ ಬದಲಾಯಿಸಿದ್ದಾಯಿತು, ಕೂಲಿ ಸೇರಿ 6,500 ರೂಪಾಯಿ. ಮುಂದಿನ ಟ್ರಿಪ್‌ನಲ್ಲಿ ನಡುಕ ಸ್ವಲ್ಪ ಕಮ್ಮಿ ಆದ ಹಾಗೆ ಅನಿಸಿತು. ದುಡ್ಡು ಕೊಟ್ಟ ಮೇಲೆ ಹಾಗೆ ಅನಿಸಲೇಬೇಕಲ್ವಾ. ಅದರ ಮುಂದಿನ ಟ್ರಿಪ್‌ಗೆ ಮೊದಲಿನಷ್ಟೇ.

ಆಮೇಲೆ ಇಂಜೆಕ್ಟರ್ ಅಂದರು, ಕ್ಲಚ್ ಅಂದರು. ಅಲ್ಲಿಗೆ ನಾನು ನಿಲ್ಲಿಸಿದೆ. ಒಂದು ಭಾನುವಾರ ಪುಸ್ತಕ, ಪೆನ್ನು ಹಿಡಿದು ಗಾಡಿ ತೆಗೆದುಕೊಂಡು ಹೋದೆ. ಅವತ್ತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುವ, ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನಿನ, ಹಿಂದೆ ಕಮಾನು ಪಟ್ಟಿ ಇರುವ ಯಾವ ಪಿಕಪ್‌ಗಾದರೂ ಇದು ಹೊಂದುತ್ತದೆ.

ಲೋಡ್ ಅಂದರೆ ಒಂದಲ್ಲ, ಎರಡು

ನಾವೆಲ್ಲ ಎಡವೋದು ಇಲ್ಲೇ. "ಲೋಡ್ ಇದ್ದಾಗ" ಅಂತ ಒಂದೇ ಮಾತಲ್ಲಿ ಹೇಳುತ್ತೇವೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಒಂದು, ಟ್ರೇ ಮೇಲಿನ ತೂಕ. ಅದರಿಂದ ಪಟ್ಟಿ ಕೂರುತ್ತದೆ, ಹೌಸಿಂಗ್ (ಹಿಂದಿನ ಆ್ಯಕ್ಸಲಿನ ಕವಚ) ಮೇಲಕ್ಕೆ ಬರುತ್ತದೆ, ಶಾಫ್ಟಿನ ಕೋನ ಬದಲಾಗುತ್ತದೆ, ಟೈರ್ ಹೊಟ್ಟೆ ಉಬ್ಬುತ್ತದೆ. ಇನ್ನೊಂದು, ಎಳೆತ. ರೇಸ್ ಒತ್ತಿದಾಗ ಎಂಜಿನ್ನಿನಿಂದ ಚಕ್ರದ ತನಕ ಪ್ರತಿಯೊಂದು ಜಾಯಿಂಟ್ ಮೇಲೆ ಬೀಳುವ ತಿರುಚುವ ಬಲ. ಘಾಟಿಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ, ಹಾಗಾಗಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಎರಡನ್ನೂ ಬಿಡಿಸಿ ನೋಡಬೇಕು. ಕಷ್ಟ ಏನಿಲ್ಲ. ಖಾಲಿ ಗಾಡಿಯನ್ನು ಒಂದು ಏರು ರಸ್ತೆಯಲ್ಲಿ ದೊಡ್ಡ ಗೇರಿಗೆ ಹಾಕಿ ಪೂರ್ತಿ ರೇಸ್ ಕೊಡಿ. ಅದು ತೂಕ ಇಲ್ಲದ ಎಳೆತ. ಆಮೇಲೆ ಲೋಡ್ ಇರುವ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ಸುಮ್ನೆ ಕಾಲು ಮುಟ್ಟಿಸಿದಷ್ಟೇ ರೇಸಿನಲ್ಲಿ ಅದೇ ವೇಗಕ್ಕೆ ತನ್ನಿ. ಅದು ಎಳೆತ ಇಲ್ಲದ ತೂಕ. ಮೊದಲನೆಯದರಲ್ಲಿ ಜೋರಾಗಿ ನಡುಗಿದರೆ ಎಂಜಿನ್, ಕ್ಲಚ್ ಅಥವಾ ಜಾಯಿಂಟ್ ಕಡೆ ನೋಡಬೇಕು. ಎರಡನೆಯದರಲ್ಲಿ ನಡುಗಿದರೆ ಟೈರ್, ಪಟ್ಟಿ, ಹೌಸಿಂಗ್ ಕಡೆ. ನನ್ನ ಗಾಡಿ ಮೊದಲನೆಯದರಲ್ಲಿ ಸ್ವಲ್ಪವೇ ಜುಮ್ಮೆಂದಿತು, ಗಮನ ಇಟ್ಟು ಕೂತಿರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಎರಡನೆಯದರಲ್ಲಿ ಏನೂ ಇಲ್ಲ. ಎರಡೂ ಸೇರಿದಾಗ ಮಾತ್ರ ಗಡಗಡ. ಅಂದರೆ ಎಳೆತದಲ್ಲಿ ಹುಟ್ಟಿ ತೂಕದಿಂದ ಜಾಸ್ತಿ ಆಗುವ ನಡುಕ. ಬರೀ ಎಂಜಿನ್ನಿನ ತೊಂದರೆಯಾಗಿದ್ದರೆ ಖಾಲಿ ಗಾಡಿಯ ಪೂರ್ತಿ ರೇಸಿಗೂ ಅದು ಹೆಚ್ಚುಕಮ್ಮಿ ಅಷ್ಟೇ ತೋರಿಸಬೇಕಿತ್ತು. ಮೊದಲ ಅನುಮಾನ ಅಲ್ಲೇ ಬಂದಿತು.

ಒಂದೇ ವೇಗ, ಬೇರೆ ಗೇರ್

ಈಗ ಮುಖ್ಯವಾದ ಪರೀಕ್ಷೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಡುಕ ಬರುವ ವೇಗ ಎಷ್ಟು ಅಂತ ನೋಡಿಕೊಳ್ಳಿ. ನನ್ನದು 40. ಅದೇ 40ರಲ್ಲಿ, ಅದೇ ಏರಿನಲ್ಲಿ, ಒಮ್ಮೆ ಮೂರನೇ ಗೇರ್, ಒಮ್ಮೆ ನಾಲ್ಕನೇ ಗೇರ್. ಏರು ತುಂಬಾ ಕಡಿದಾಗಿದ್ದರೆ ನಾಲ್ಕರಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಅದೇ ಬೇರೆ ನಡುಕ ಹುಟ್ಟಿಸುತ್ತದೆ. ಹಾಗಾಗಿ ಸಣ್ಣ ಏರು ಸಾಕು.

ಇದು ಏಕೆ ಕೆಲಸ ಮಾಡುತ್ತದೆ ಅಂದರೆ, ಗೇರ್ ಬದಲಾದರೆ ಎಂಜಿನ್ನಿನ ಸುತ್ತು ಬದಲಾಗುತ್ತದೆ. ಆದರೆ ಶಾಫ್ಟ್ ಮತ್ತು ಚಕ್ರದ ಸುತ್ತು ಬದಲಾಗುವುದಿಲ್ಲ, ಅವು ರಸ್ತೆಯ ವೇಗಕ್ಕೆ ಕಟ್ಟಿಕೊಂಡಿವೆ. ನನ್ನ ಲೆಕ್ಕ ಹೀಗಿತ್ತು. ಟೈರ್ 215/75 ಆರ್15, ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 5 ಸುತ್ತು. ಹೌಸಿಂಗ್ ಒಳಗೆ ಶಾಫ್ಟಿನ ಸುತ್ತನ್ನು ಚಕ್ರಕ್ಕೆ ಕೊಡುವ ಕ್ರೌನ್ ಪಿನಿಯನ್ ಗೇರಿನ ಅನುಪಾತ 4.1, ಹಾಗಾಗಿ ಶಾಫ್ಟ್ ಸೆಕೆಂಡಿಗೆ 20 ಚಿಲ್ಲರೆ ಸುತ್ತು, ನಿಮಿಷಕ್ಕೆ 1,250ರ ಹತ್ತಿರ. ನನ್ನ ಗೇರ್‌ಬಾಕ್ಸಿನಲ್ಲಿ ನಾಲ್ಕನೇ ಗೇರ್ ನೇರ, ಎಂಜಿನ್ ಸುತ್ತಿದಷ್ಟೇ ಶಾಫ್ಟ್ ಸುತ್ತುತ್ತದೆ. ಆಗ ಎಂಜಿನ್ನೂ 1,250. ಮೂರರಲ್ಲಾದರೆ ಎಂಜಿನ್ 1,700 ದಾಟಿರುತ್ತದೆ. ಅಷ್ಟು ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಗೇರ್ ಬದಲಾಯಿಸಿದಾಗ ನಡುಕ ಹೋಯಿತು, ಆಮೇಲೆ ಬೇರೆ ವೇಗದಲ್ಲಿ ಎಂಜಿನ್ ಮತ್ತೆ 1,700ಕ್ಕೆ ಬಂದಾಗ ನಡುಕವೂ ಬಂತು ಅಂತಾದರೆ ಅದು ಎಂಜಿನ್ ಅಥವಾ ಕ್ಲಚ್ಚಿನದು. ಗೇರ್ ಯಾವುದಾದರೂ ಇರಲಿ, 40 ಬಂತು ಅಂದರೆ ನಡುಕ ಬಂತು ಅಂತಾದರೆ ಗೇರ್‌ಬಾಕ್ಸಿನ ಹಿಂದೆ ನೋಡಿ. ನನ್ನದು ಮೂರರಲ್ಲೂ 40ಕ್ಕೇ, ನಾಲ್ಕರಲ್ಲೂ 40ಕ್ಕೇ. ರಸ್ತೆ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. 6,500 ರೂಪಾಯಿ ಕಣ್ಣ ಮುಂದೆ ಬಂದುಹೋಯಿತು.

ಇದರ ಜೊತೆಗೆ ಇನ್ನೊಂದು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಡುಕ ಇರುವಾಗ ಕ್ಲಚ್ ಒತ್ತಿ, ರೇಸ್ ಬಿಡಿ. ಎಂಜಿನ್ ಸುಮ್ಮನಾಗುತ್ತದೆ, ಗಾಡಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಆಗಲೂ ನಡುಕ ಇದ್ದರೆ ಟೈರ್ ಅಥವಾ ತೂಕ ತಪ್ಪಿದ ಶಾಫ್ಟ್. ತಟ್ಟನೆ ನಿಂತರೆ ಎಳೆತಕ್ಕೆ ಸಂಬಂಧಪಟ್ಟದ್ದು. ದಯವಿಟ್ಟು ಇದನ್ನು ಘಾಟಿ ಇಳಿಯುವಾಗ ಮಾಡಬೇಡಿ. ಲೋಡ್ ಗಾಡಿಯನ್ನು ಇಳಿಜಾರಿನಲ್ಲಿ ಕ್ಲಚ್ ಒತ್ತಿ ಬಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಸಿಗುತ್ತದೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು, ಫೋನನ್ನು ಸೀಟಿನ ಕಬ್ಬಿಣದ ಪಟ್ಟಿಗೆ ಟೇಪ್ ಹಾಕಿ ಅಂಟಿಸಿದರೆ ಸೆಕೆಂಡಿಗೆ ಎಷ್ಟು ಸಲ ಅಂತ ತೋರಿಸುತ್ತದೆ. 40 ಕಿ.ಮೀ. ವೇಗದಲ್ಲಿ ಅದು 5ರ ಹತ್ತಿರ ಬಂದರೆ ಚಕ್ರ. 20ರ ಹತ್ತಿರ ಬಂದರೆ ಶಾಫ್ಟ್. 40ರ ಹತ್ತಿರ ಬಂದರೆ ಜಾಯಿಂಟ್ ಕ್ರಾಸ್ (ಶಾಫ್ಟಿನ ಕೀಲಿನಲ್ಲಿರುವ ನಾಲ್ಕು ಕಾಲಿನ ತುಂಡು), ಏಕೆಂದರೆ ಕೋನದಲ್ಲಿ ತಿರುಗುವ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ಶಾಫ್ಟನ್ನು ಮುಂದಕ್ಕೆ ಹಿಂದಕ್ಕೆ ಜಗ್ಗುತ್ತದೆ. ಕೈಯ ಅಂದಾಜೂ ಸಾಕು: ಚಕ್ರದ್ದು ಕುಲುಕಾಟ, ಶಾಫ್ಟಿನದು ಝೇಂಕಾರ.

ಎಂಜಿನ್ನೇ ಅಂತ ಬಂದರೆ

ನನಗೆ ಬರಲಿಲ್ಲ, ಆದರೆ ನಿಮಗೆ ಬರಬಹುದು. ಹಾಗಾಗಿ ಇದನ್ನೂ ಹೇಳುತ್ತೇನೆ.

ಲೋಡಿನಲ್ಲಿ ಎಂಜಿನ್ ನಡುಗಲು ದೊಡ್ಡ ಕಾರಣ ಒಂದು ಸಿಲಿಂಡರ್ ಸರಿಯಾಗಿ ಉರಿಯದೇ ಇರೋದು. ನಾಲ್ಕು ಸಿಲಿಂಡರ್ ಎಂಜಿನ್ 1,500 ಸುತ್ತಿನಲ್ಲಿದ್ದಾಗ ಸೆಕೆಂಡಿಗೆ 50 ಸಲ ಹೊಡೆಯುತ್ತದೆ, ಆ ಲಯ ಮೈಗೆ ಗೊತ್ತಾಗುವುದಿಲ್ಲ. ಒಂದು ಸಿಲಿಂಡರ್ ಸೋತರೆ ಸೆಕೆಂಡಿಗೆ 12-13 ಸಲ ಒಂದು ಏಟು ತಪ್ಪುತ್ತದೆ. ಅದು ಕುಂಟೆತ್ತು ಕಟ್ಟಿದ ಗಾಡಿಯ ಹಾಗೆ, ಎದ್ದು ಕಾಣುತ್ತದೆ. ಜೊತೆಗೆ ಗಾಡಿ ಎಳೆಯುವುದೂ ಕಮ್ಮಿ ಆಗುತ್ತದೆ. ಇದನ್ನು ನೆನಪಿಡಿ: ನಡುಕ ಇದೆ, ಆದರೆ ಎಳೆತ ಒಂದಿಷ್ಟೂ ಕಮ್ಮಿ ಆಗಿಲ್ಲ, ಹೊಗೆ ಬದಲಾಗಿಲ್ಲ, ಡೀಸೆಲ್ ಖರ್ಚು ಮೊದಲಿನಷ್ಟೇ ಇದೆ ಅಂದರೆ ಎಂಜಿನ್ ಮೇಲೆ ಅನುಮಾನ ಪಡೋಕೆ ಮುಂಚೆ ಇನ್ನೊಮ್ಮೆ ಯೋಚಿಸಿ.

ಹೊಗೆ ನೋಡಿ. ಕಪ್ಪು ಹೊಗೆ ಜೊತೆಗೆ ಎಳೆತ ಇಲ್ಲ ಅಂದರೆ ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಹೋಸ್ ಸೀಳಿರಬಹುದು, ಹೊಗೆಯನ್ನು ಎಂಜಿನ್ನಿಗೆ ವಾಪಸ್ ಬಿಡುವ ಇಜಿಆರ್ ವಾಲ್ವ್ ತೆರೆದೇ ನಿಂತಿರಬಹುದು. ಟರ್ಬೊ ಹೋಸ್ ಸೀಳಿದ್ದು ನಿಂತಾಗ ಗೊತ್ತಾಗುವುದಿಲ್ಲ, ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಎಣ್ಣೆ ಜಿನುಗಿ ಧೂಳು ಅಂಟಿದ ಗೆರೆ ಇದೆಯಾ ನೋಡಿ. ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಇದ್ದರೆ ಯಾವುದೋ ಸಿಲಿಂಡರಿನಲ್ಲಿ ಡೀಸೆಲ್ ಉರಿಯುತ್ತಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಅದು ನಡುಕಕ್ಕಿಂತ ಜಗ್ಗಾಟ: ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಫಿಲ್ಟರ್ ಕೆಳಗಿನ ನೀರಿನ ಸ್ಕ್ರೂ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಇಳಿಸಿ ನೋಡಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ.

ಇಂಜೆಕ್ಟರ್ ಅನುಮಾನ ಇದ್ದರೆ ನಾಲ್ಕನ್ನೂ ಬಿಚ್ಚುವ ಮುಂಚೆ ರಿಟರ್ನ್ ಪರೀಕ್ಷೆ ಮಾಡಿಸಿ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಜೋಡಿಸಿ ಕೆಲವು ನಿಮಿಷ ಎಂಜಿನ್ ಓಡಿಸಿದರೆ, ಸೋರುವ ಇಂಜೆಕ್ಟರಿನ ಬಾಟಲಿ ಬೇರೆಯವಕ್ಕಿಂತ ಬೇಗ ತುಂಬುತ್ತದೆ. ಸ್ಕ್ಯಾನರ್ ಇದ್ದವರು ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡಬಹುದು. ಯಾವುದನ್ನು ನಿಲ್ಲಿಸಿದರೆ ಎಂಜಿನ್ನಿಗೆ ವ್ಯತ್ಯಾಸವೇ ಆಗುವುದಿಲ್ಲವೋ ಅದೇ ಸೋತದ್ದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೇ ಪಂಪ್ ಗಾಡಿಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಅಂತ ಕಂಡುಹಿಡಿಯುತ್ತಿದ್ದರು. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯಲ್ಲಿ ಅದನ್ನು ಯಾವತ್ತೂ ಮಾಡಬೇಡಿ. ನಿಮ್ಮ ಟೈರಿನಲ್ಲಿ 4 ಬಾರ್ ಗಾಳಿ ಇದ್ದರೆ ಹೆಚ್ಚು. ಆ ಪೈಪಿನಲ್ಲಿ 1,600 ಬಾರ್ ತನಕ ಹೋಗುತ್ತದೆ. ಕೂದಲೆಳೆಯಷ್ಟು ಡೀಸೆಲ್ ಧಾರೆ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ನೋಡೋಕೆ ಸೂಜಿ ಚುಚ್ಚಿದ ಹಾಗಿರುತ್ತದೆ, ಬೆರಳು ಕಳೆದುಕೊಳ್ಳಬೇಕಾಗಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೌಂಟಿಂಗ್ ಬಗ್ಗೆ ನನಗೆ ಈಗ ಒಂಥರಾ ಸಿಟ್ಟಿದೆ. ನ್ಯಾಯವಾಗಿ ಹೇಳಬೇಕೆಂದರೆ ಅದರದೇನೂ ತಪ್ಪಿಲ್ಲ. ಮೌಂಟಿಂಗ್ ನಡುಕ ಹುಟ್ಟಿಸುವುದಿಲ್ಲ. ಹುಟ್ಟಿದ ನಡುಕವನ್ನು ಚಾಸಿಗೆ ಬಿಡದೆ ತಡೆಯೋದು ಅದರ ಕೆಲಸ. ಹರಿದಾಗ ಆ ಕೆಲಸ ನಿಲ್ಲುತ್ತದೆ. ನೋಡೋದು ಸುಲಭ: ನಾಲ್ಕೂ ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್, ಕಾಲ ಬ್ರೇಕ್ ಗಟ್ಟಿಯಾಗಿ ಒತ್ತಿ ಮೊದಲ ಗೇರಿನಲ್ಲಿ ಸ್ವಲ್ಪವೇ ಹಾಫ್ ಕ್ಲಚ್. ಬಾನೆಟ್ ತೆಗೆದು ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಗಾಡಿ ಮುಂದೆ ಯಾರೂ ನಿಲ್ಲಬಾರದು. ಆಮೇಲೆ ರಿವರ್ಸ್‌ನಲ್ಲಿ, ಗಾಡಿ ಹಿಂದೆಯೂ ಯಾರೂ ಇಲ್ಲದ ಹಾಗೆ. ಎಂಜಿನ್ ಒಂದು ಕಡೆ ಎದ್ದು ಬಿದ್ದರೆ, ರಬ್ಬರ್ ಕಬ್ಬಿಣದಿಂದ ಬಾಯಿ ಬಿಟ್ಟರೆ ಬದಲಾಯಿಸಿ. ಇಲ್ಲದಿದ್ದರೆ ಬಿಡಿ. ಗಟ್ಟಿ ರಬ್ಬರಿನ ಅಗ್ಗದ ಮೌಂಟಿಂಗ್ ಹಾಕಿದರೆ ಮೊದಲಿಲ್ಲದ ನಡುಕವೂ ಬರಬಹುದು.

ಫ್ಯಾನ್ ಎಲೆ ಮುರಿದದ್ದು, ಕ್ರ್ಯಾಂಕ್ ಪುಲ್ಲಿಯ ರಬ್ಬರ್ ಬಿಟ್ಟದ್ದು, ಇವೆಲ್ಲ ನಿಂತಲ್ಲಿ ರೇಸ್ ಕೊಟ್ಟರೂ ತೋರಿಸುತ್ತವೆ. ನಿಂತಾಗ ಇಲ್ಲ ಅಂದರೆ ಇವನ್ನು ಬಿಟ್ಟು ಮುಂದೆ ಹೋಗಿ.

ಕ್ಲಚ್ಚೂ ಅಷ್ಟೇ, ಬೇಗ ಹೇಳಿ ಮುಗಿಸುತ್ತೇನೆ. ಅದು ಗಾಡಿ ಹೊರಡುವಾಗ, ಹಾಫ್ ಕ್ಲಚ್‌ನಲ್ಲಿ, ಜಾಸ್ತಿ ರಿವರ್ಸ್‌ನಲ್ಲಿ ದಡದಡ ಅನ್ನುತ್ತದೆ. ಪೂರ್ತಿ ಬಿಟ್ಟ ಮೇಲೆ ನಿಲ್ಲುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ಬಿದ್ದಿರುತ್ತದೆ, ಇಲ್ಲವೇ ಫ್ಲೈವೀಲ್ ಅಲ್ಲಲ್ಲಿ ಸುಟ್ಟು ನೀಲಿ ಮಚ್ಚೆ ಬಿದ್ದಿರುತ್ತದೆ. ಆದರೆ ಒಂದು ಎಚ್ಚರಿಕೆ: ಲೋಡ್ ಗಾಡಿ ಹೊರಡುವಾಗಿನ ದಡದಡ, ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದರೂ ಬರುತ್ತದೆ. ಗೇರ್‌ಬಾಕ್ಸ್ ಇಳಿಸೋಕೆ ಒಪ್ಪುವ ಮುಂಚೆ ಗಾಡಿ ಕೆಳಗೆ ಒಮ್ಮೆ ಮಲಗಿ ನೋಡಿ. ಗೇರ್‌ಬಾಕ್ಸ್ ಇಳಿಸಿದರೆ ಒಂದು ದಿನದ ದುಡಿಮೆ ಹೋಯಿತು.

ಗಾಡಿ ಕೆಳಗೆ

ನಿಜವಾದ ಕೆಲಸ ಇಲ್ಲಿದೆ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಕೀ ನಿಮ್ಮ ಜೇಬಿನಲ್ಲಿರಲಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಹಿಂದೆ ಎತ್ತುವುದಾದರೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜ್ಯಾಕ್ ನಂಬಿ ಒಳಗೆ ತಲೆ ಹಾಕಬೇಡಿ. ಗಾಡಿ ಓಡಿಸಿ ಬಂದ ಕೂಡಲೇ ಸೈಲೆನ್ಸರ್ ಸುಡುತ್ತಿರುತ್ತದೆ. ನನ್ನ ಮೊಣಕೈ ಮೇಲೆ ಅದರ ಗುರುತು ಇನ್ನೂ ಇದೆ.

ಮೊದಲು ಸುಮ್ನೆ ಕಣ್ಣಲ್ಲಿ ನೋಡಿ. ಶಾಫ್ಟಿನ ಕೊಳವೆ ಮೇಲೆ ಎಲ್ಲಾದರೂ ನೆಗ್ಗಿದೆಯಾ, ಕೆಸರು ಗಟ್ಟಿಯಾಗಿ ಒಂದೇ ಕಡೆ ಅಂಟಿದೆಯಾ, ಹಗ್ಗದ ತುಂಡೋ ಗೋಣಿ ದಾರವೋ ಸುತ್ತಿಕೊಂಡಿದೆಯಾ. ತೂಕ ಸರಿ ಮಾಡೋಕೆ ಕೊಳವೆ ಮೇಲೆ ಸಣ್ಣ ತಗಡಿನ ತುಂಡು ಬೆಸುಗೆ ಹಾಕಿರುತ್ತಾರೆ. ಅದು ಉದುರಿದ್ದರೆ ಅಲ್ಲೊಂದು ಚೌಕದ ಗುರುತು ಉಳಿದಿರುತ್ತದೆ.

ಆಮೇಲೆ ಕ್ರಾಸ್. ನನ್ನ ಗಾಡಿಯ ಶಾಫ್ಟ್ ಎರಡು ತುಂಡು, ಮೂರು ಕ್ರಾಸ್, ನಡುವೆ ಸೆಂಟರ್ ಬೇರಿಂಗ್. ಮುಂದಿನದು ಸರಿ ಇತ್ತು. ನಡುವಿನದೂ ಪರವಾಗಿಲ್ಲ ಅನಿಸಿತು. ಹಿಂದಿನದಕ್ಕೆ, ಅಂದರೆ ಪಿನಿಯನ್ ಹತ್ತಿರದ್ದಕ್ಕೆ ಟಾರ್ಚ್ ಬಿಟ್ಟೆ. ಕ್ರಾಸಿನ ಕಾಲುಗಳಿಗೆ ಹಾಕಿದ ನಾಲ್ಕು ಕಪ್ಪುಗಳಲ್ಲಿ (ಸಣ್ಣ ಬಟ್ಟಲುಗಳಲ್ಲಿ) ಮೂರರ ಅಂಚಿನಲ್ಲಿ ಕರೀ ಗ್ರೀಸ್ ಇತ್ತು. ನಾಲ್ಕನೆಯದರ ಸೀಲ್ ಸುತ್ತ ಕೆಂಪು ಪುಡಿ. ಬೆರಳಲ್ಲಿ ಒರೆಸಿದರೆ ಕುಂಕುಮದ ಹಾಗೆ ನುಣ್ಣಗೆ ಅಂಟಿತು. ಅದು ರಸ್ತೆಯ ಕೆಮ್ಮಣ್ಣು ಅಂತ ಬಿಟ್ಟುಬಿಡುವುದು ಸುಲಭ, ನಮ್ಮ ಕಡೆ ಗಾಡಿ ತಳವೆಲ್ಲ ಕೆಮ್ಮಣ್ಣೇ. ಆದರೆ ಮಣ್ಣು ಎಲ್ಲ ಕಡೆ ಕೂರುತ್ತದೆ. ಇದು ಆ ಒಂದು ಕಪ್ಪಿನ ಬಾಯಲ್ಲಿ ಮಾತ್ರ ಇತ್ತು, ಒಳಗಿಂದ ಹೊರಗೆ ಚಿಮ್ಮಿದ ಹಾಗೆ. ಒಣಗಿದ ಸೂಜಿ ಬೇರಿಂಗ್ ತನ್ನನ್ನೇ ಅರೆದುಕೊಂಡು ಉಗುಳಿದ ತುಕ್ಕು ಅದು.

ಖಾತ್ರಿ ಮಾಡಿಕೊಳ್ಳೋಕೆ ಕೈಯಲ್ಲಿ ಆಡಿಸಬೇಕು. ನ್ಯೂಟ್ರಲ್ ಇರಲಿ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದು ಕೈಯಲ್ಲಿ ಪಿನಿಯನ್ ಕಡೆಯ ಫ್ಲ್ಯಾಂಜ್ (ಬೋಲ್ಟ್ ಹಾಕುವ ತಟ್ಟೆ) ಹಿಡಿದು ಎದುರುಬದುರಾಗಿ ತಿರುಚಿ. ಇಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ಶಾಫ್ಟ್ ಸ್ವಲ್ಪ ತಿರುಗಿ ಟಕ್ ಅನ್ನುತ್ತದೆ, "ಕ್ರಾಸ್ ಹೋಗಿದೆ" ಅಂದುಬಿಡುತ್ತಾರೆ. ಆ ಟಕ್ ಕ್ರೌನ್ ಪಿನಿಯನ್ ಹಲ್ಲಿನ ಸಡಿಲವೂ ಆಗಿರಬಹುದು, ಸ್ವಲ್ಪ ಸಡಿಲ ಅಲ್ಲಿ ಇರಲೇಬೇಕು. ವ್ಯತ್ಯಾಸ ತಿಳಿಯೋಕೆ ಹೆಬ್ಬೆರಳನ್ನು ಜಾಯಿಂಟಿನ ಎರಡೂ ಭಾಗಕ್ಕೆ ಸೇತುವೆಯ ಹಾಗೆ ಇಡಿ. ಎರಡೂ ಭಾಗ ಒಟ್ಟಿಗೆ ತಿರುಗಿದರೆ ಸಡಿಲ ಡಿಫರೆನ್ಷಿಯಲ್ ಒಳಗಿದೆ. ಒಂದು ನಿಂತು ಇನ್ನೊಂದು ಜಾರಿದರೆ, ಬೆರಳಿನ ಕೆಳಗೇ ಆ ಚಲನೆ ಸಿಕ್ಕರೆ, ಕ್ರಾಸ್. ನನಗೆ ಅಕ್ಕಿ ಕಾಳಿನ ದಪ್ಪದಷ್ಟೂ ಜಾರಲಿಲ್ಲ. ಆದರೆ ಜಾರಿತು.

ಅಷ್ಟು ಸಣ್ಣದಕ್ಕೆ ಅಷ್ಟು ನಡುಕ ಏಕೆ? ಹದಿನಾರೋ ಹದಿನೆಂಟೋ ಕೆಜಿ ಇರುವ ಶಾಫ್ಟು ಎಳೆತ ಬಿದ್ದಾಗ ಆ ಸಡಿಲದಷ್ಟು ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ನಡು ತಪ್ಪಿದ ಶಾಫ್ಟ್ ನಿಮಿಷಕ್ಕೆ ಸಾವಿರದ ಮೇಲೆ ಸುತ್ತುತ್ತಿದೆ. ಮೇಲಿಂದ ತೂಕ ಬಿದ್ದು ಹೌಸಿಂಗ್ ಎದ್ದಾಗ ಕೋನವೂ ಬದಲಾಗಿ, ಸೂಜಿಗಳು ದಿನಾ ಕೂರುವ ಗುಂಡಿಯಿಂದ ಎದ್ದು ಬೇರೆ ಕಡೆ ಉರುಳುತ್ತವೆ. ಖಾಲಿ ಗಾಡಿಯಲ್ಲಿ ಎಳೆತ ಕಮ್ಮಿ, ಕೋನ ಹಳೆಯದೇ. ಹಾಗಾಗಿ ಅದು ಬೆಣ್ಣೆಯ ಹಾಗೆ ಬಂದದ್ದು.

ಗ್ರೀಸ್ ಗನ್ ಇದ್ದರೆ ಇನ್ನೊಂದು ಪರೀಕ್ಷೆ. ನಿಪ್ಪಲ್‌ಗೆ ಗ್ರೀಸ್ ಹೊಡೆದಾಗ ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ದಾರಿ ಕಟ್ಟಿದೆ, ಆ ಕಪ್ಪು ಎಷ್ಟೋ ತಿಂಗಳಿಂದ ಒಣಗಿಯೇ ಓಡಿದೆ. ಸರ್ವಿಸ್‌ನಲ್ಲಿ "ಗ್ರೀಸ್ ಹೊಡೆದಿದ್ದೇವೆ" ಅಂತ ಬಿಲ್ಲಿನಲ್ಲಿ ಬರೆದಿದ್ದರು. ಹೊಡೆದಿರಬಹುದು. ಬಂದದ್ದನ್ನು ಯಾರೂ ನೋಡಿರಲಿಲ್ಲ.

ಸೆಂಟರ್ ಬೇರಿಂಗನ್ನು ಅದೇ ಸಮಯದಲ್ಲಿ ನೋಡಿಬಿಡಿ. ಶಾಫ್ಟನ್ನು ಕೈಯಲ್ಲಿ ಮೇಲೆ ಎತ್ತಿ. ರಬ್ಬರ್ ಸ್ವಲ್ಪ ಬಿಟ್ಟುಕೊಡಬೇಕು, ಆದರೆ ಶಾಫ್ಟ್ ಹೋಗಿ ಬ್ರಾಕೆಟ್‌ಗೆ ತಾಗಬಾರದು. ನನ್ನದರಲ್ಲಿ ರಬ್ಬರಿನ ಕೆಳಗಡೆ ಅರ್ಧ ವೃತ್ತದಷ್ಟು ಸೀಳಿತ್ತು. ಕ್ರಾಸ್ ಹೋದದ್ದರಿಂದ ಇದು ಹರಿಯಿತೋ, ಇದು ಹರಿದದ್ದರಿಂದ ಕ್ರಾಸ್ ಹೋಯಿತೋ, ಮೆಕ್ಯಾನಿಕ್ ಒಂದು ಹೇಳಿದ, ನನ್ನ ಅಂದಾಜು ಇನ್ನೊಂದು. ಎರಡನ್ನೂ ಬದಲಾಯಿಸಿದೆವು.

ಬಿಚ್ಚುವ ಮುಂಚೆ ಗುರುತು

ಇದನ್ನು ಬಿಟ್ಟರೆ ಹೊಸ ತಲೆನೋವು ಕೊಂಡ ಹಾಗೆ. ಶಾಫ್ಟ್ ಬಿಚ್ಚುವ ಮುಂಚೆ ಫ್ಲ್ಯಾಂಜ್ ಎರಡೂ ಕಡೆ, ಮತ್ತು ಜಾರುವ ಹಲ್ಲಿನ ಜಾಗದಲ್ಲಿ ಎರಡೂ ತುಂಡಿನ ಮೇಲೆ, ಒಂದೇ ಗೆರೆಯಲ್ಲಿ ಗುರುತು ಹಾಕಿ. ಸೀಮೆಸುಣ್ಣ ಬೇಡ, ಡೀಸೆಲ್‌ನಲ್ಲಿ ತೊಳೆದ ಕೂಡಲೇ ಹೋಗುತ್ತದೆ. ನಾನು ಮನೆಯಿಂದ ನೇಲ್ ಪಾಲಿಶ್ ತೆಗೆದುಕೊಂಡು ಹೋಗಿದ್ದೆ. ಗ್ಯಾರೇಜಿನ ಹುಡುಗರು ನಕ್ಕರು, ಈಗ ಅವರೂ ಒಂದು ಬಾಟಲಿ ಇಟ್ಟುಕೊಂಡಿದ್ದಾರೆ.

ಏಕೆ ಅಂದರೆ, ಒಂದು ಕ್ರಾಸ್ ಕೋನದಲ್ಲಿ ತಿರುಗುವಾಗ ಹುಟ್ಟಿಸುವ ಜಗ್ಗಾಟವನ್ನು ಇನ್ನೊಂದು ತುದಿಯ ಕ್ರಾಸ್ ಎದುರುಬದುರಾಗಿ ಜಗ್ಗಿ ಅಳಿಸಿಹಾಕುತ್ತದೆ. ಅದಕ್ಕೆ ಕ್ರಾಸನ್ನು ಹಿಡಿಯುವ ಎರಡೂ ಕಡೆಯ ಕವಲುಗಳು ಒಂದಕ್ಕೊಂದು ಹೊಂದಿಕೊಂಡೇ ಇರಬೇಕು. ಹಲ್ಲು ಒಂದೆರಡು ತಪ್ಪಿ ಕೂತರೆ ಅಳಿಯಬೇಕಾದದ್ದು ಅಳಿಯುವುದಿಲ್ಲ, ಹೊಸ ಕ್ರಾಸ್ ಹಾಕಿದ ಗಾಡಿ ಹಳೆಯದಕ್ಕಿಂತ ಜಾಸ್ತಿ ನಡುಗುತ್ತದೆ. ಆಗ ಮತ್ತೆ ಎಂಜಿನ್ ಮೇಲೆ ಹೋಗುತ್ತಾರೆ. ಕೆಲವು ಶಾಫ್ಟಿನ ಮೇಲೆ ಕಂಪನಿಯದೇ ಬಾಣದ ಗುರುತು ಇರುತ್ತದೆ, ಕೆಸರು ಕೆರೆದು ನೋಡಿ. ಸೆಂಟರ್ ಬೇರಿಂಗ್ ಬ್ರಾಕೆಟ್ ಕೆಳಗೆ ವಾಷರ್ ಅಥವಾ ತಗಡಿನ ತುಂಡು ಇದ್ದರೆ ಅದು ಸುಮ್ನೆ ಅಲ್ಲ, ಎತ್ತರ ಸರಿ ಮಾಡೋಕೆ ಇಟ್ಟದ್ದು. ಎಷ್ಟಿತ್ತೋ ಅಷ್ಟೇ ವಾಪಸ್ ಹಾಕಿ.

ಹಳೇ ಕ್ರಾಸ್ ಹೊರಗೆ ಬಂದಾಗ ಆ ನಾಲ್ಕನೇ ಕಪ್ಪಿನಲ್ಲಿ ಪೂರ್ತಿ ಸೂಜಿ ಇರಲಿಲ್ಲ, ಕೆಲವು ಮುರಿದು ಪುಡಿಯಾಗಿದ್ದವು. ಕ್ರಾಸಿನ ಆ ಕಾಲಿನ ಮೇಲೆ ಸಾಲಾಗಿ ಗೀರು ಬಿದ್ದಿತ್ತು. ಉಗುರು ಎಳೆದರೆ ಬಾಚಣಿಗೆ ಹಲ್ಲಿನ ಮೇಲೆ ಎಳೆದ ಹಾಗೆ ಟರ್ರ್ ಅಂತಿತ್ತು. ಉಳಿದ ಮೂರು ಕಾಲು ಕನ್ನಡಿಯ ಹಾಗೆ ಇದ್ದವು. ಹೊಸದನ್ನು ವೈಸ್‌ನಲ್ಲಿ ಒತ್ತಿ ಕೂರಿಸಿದರು. ಸುತ್ತಿಗೆಯಲ್ಲಿ ಬಡಿದು ಕೂರಿಸುವುದನ್ನು ಒಪ್ಪಬೇಡಿ, ಸೂಜಿ ಅಡ್ಡ ಬಿದ್ದರೂ ಗೊತ್ತಾಗುವುದಿಲ್ಲ, ಕವಲೂ ಬಾಗಬಹುದು. ಲಾಕ್ ಹಾಕಿದ ಮೇಲೆ ಜಾಯಿಂಟ್ ಎಲ್ಲ ದಿಕ್ಕಿಗೂ ಕೈಯಲ್ಲೇ ಆಡಬೇಕು, ಎಲ್ಲೂ ಬಿಗಿ ಹಿಡಿಯಬಾರದು. ಕ್ರಾಸ್, ಸೆಂಟರ್ ಬೇರಿಂಗ್, ಕೂಲಿ ಸೇರಿ 4,200 ರೂಪಾಯಿ ಆಯಿತು. ಮೌಂಟಿಂಗ್‌ಗೆ ಕೊಟ್ಟದ್ದಕ್ಕಿಂತ ಕಮ್ಮಿ.

ಕೆಳಗೆ ಹೋದಾಗ ಇವನ್ನೂ ಮುಟ್ಟಿ ನೋಡಿ ಬನ್ನಿ: ಹೌಸಿಂಗ್ ಕಟ್ಟಿದ ಯು-ಬೋಲ್ಟ್ ಬಿಗಿ ಇದೆಯಾ, ಪಟ್ಟಿಯ ನಡುವಿನ ಬೋಲ್ಟ್ ಮುರಿದು ಹೌಸಿಂಗ್ ಹಿಂದೆ ಮುಂದೆ ಸರಿದಿದೆಯಾ (ಎರಡೂ ಕಡೆ ಚಕ್ರದಿಂದ ಪಟ್ಟಿಯ ಮುಂದಿನ ಕಣ್ಣಿನ ತನಕ ಟೇಪ್ ಹಿಡಿದರೆ ಗೊತ್ತಾಗುತ್ತದೆ), ಟೈರಿನ ಪಕ್ಕದಲ್ಲಿ ಬೋರೆಯ ಹಾಗೆ ಉಬ್ಬಿದೆಯಾ, ಪಂಕ್ಚರ್ ಹಾಕಿಸಿದ ಮೇಲೆ ವೀಲ್ ನಟ್ ಯಾರಾದರೂ ಮತ್ತೆ ಬಿಗಿ ಮಾಡಿದ್ದಾರಾ. ಟೈರಿನ ಒಳಪದರ ಬಿಟ್ಟಿದ್ದರೆ ಖಾಲಿ ಇದ್ದಾಗ ಸುಮ್ಮನಿದ್ದು ತೂಕ ಬಿದ್ದಾಗ ಕುಲುಕುತ್ತದೆ. ಸ್ಟೇರಿಂಗ್ ಕುಲುಕಿದರೆ ಮುಂದಿನದು, ಸೀಟು ಕುಲುಕಿದರೆ ಹಿಂದಿನದು, ಹೆಚ್ಚಾಗಿ.

ಮುಂದಿನ ಸೋಮವಾರ ಮತ್ತೆ ಮಂಗಳೂರಿಂದ 30 ಮೂಟೆ ತುಂಬಿ ಹೊರಟೆ. ಗುಂಡ್ಯ ದಾಟಿ ಅದೇ ಎರಡನೇ ತಿರುವು, ಮೂರನೇ ಗೇರ್, 40. ರೇಸ್ ಒತ್ತಿದೆ. ಹಿಂದಿನ ಲಾರಿ ಕನ್ನಡಿಯಲ್ಲಿ ಒಂದೇ ಕಾಣಿಸಿತು. ಮಾರನಹಳ್ಳಿಗೆ ಬಂದು ಟೀ ಕುಡಿಯುವ ತನಕ ಗೇರ್ ಲಿವರ್ ಮೇಲಿಂದ ಕೈ ತೆಗೆದಿರಲಿಲ್ಲ.

ಪೂರ್ತಿ ಹೋಗಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಈಗ ಖಾಲಿ ಗಾಡಿಯಲ್ಲಿ, ಐದನೇ ಗೇರಿನಲ್ಲಿ 70ರ ಮೇಲೆ ಒಂದು ಸಣ್ಣ ಝುಂ ಅನ್ನೋ ಸದ್ದು ಇದೆ. ಮೊದಲು ದೊಡ್ಡ ನಡುಕದ ಗಲಾಟೆಯಲ್ಲಿ ಇದು ಕೇಳಿಸಿರಲಿಲ್ಲ. ಹೋದ ವರ್ಷ ಲೋಡ್ ಜಾಸ್ತಿ ಹಾಕೋಣ ಅಂತ ಹಿಂದೆ ಒಂದೊಂದು ಪಟ್ಟಿ ಸೇರಿಸಿದ್ದೆ. ಅದರಿಂದ ಖಾಲಿ ಇದ್ದಾಗ ಹಿಂಭಾಗ ಎತ್ತಿ ನಿಂತು ಶಾಫ್ಟಿನ ಕೋನ ಜಾಸ್ತಿ ಆಗಿದೆ. ಪಟ್ಟಿ ತೆಗೆಯಬೇಕು, ಇಲ್ಲವೇ ಪಟ್ಟಿಗೂ ಹೌಸಿಂಗಿಗೂ ನಡುವೆ ಓರೆ ತಗಡು ಕೊಟ್ಟು ಪಿನಿಯನ್ ಮುಖ ಸರಿ ಮಾಡಬೇಕು. ತೆಗೆಯೋದೇ ಸರಿ ಅಂತ ಗೊತ್ತು. ಶುಂಠಿ ಸೀಸನ್ ಮುಗಿಯಲಿ ಅಂತ ಕಾಯುತ್ತಿದ್ದೇನೆ.